ಯಶವಂತಪುರ ಎಂದು ಓದುವಷ್ಟರಲ್ಲಿ

ಬೆಂಗಳೂರಿನ ಯಶವಂತಪುರ ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಊರಿನ ಹೆಸರು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇದೆ. ಕನ್ನಡದ ಸಾಲನ್ನೇ ತೆಗೆದುಕೊಳ್ಳೋಣ. ಯ, ಶ, ವಂ, ತ, ಪು, ರ: ಆರು ಅಕ್ಷರ. ಫಲಕದ ಎದುರು ನಿಂತು ‘ವಂ’ ಮತ್ತು ‘ತ’ಗಳ ನಡುವಿನ ಖಾಲಿ ಜಾಗದಲ್ಲಿ ಕಣ್ಣು ನೆಟ್ಟರೂ ಓದಿಗೆ ತೊಂದರೆಯೇನಿಲ್ಲ, ಹೆಸರು ಒಂದೇ ನೋಟಕ್ಕೆ ಸಿಗುತ್ತದೆ. ತಲೆಯೊಳಗೆ ಮಾತ್ರ ಅದು ಎರಡು ತುಂಡಾಗಿರುತ್ತದೆ. ‘ತಪುರ’ ಮಿದುಳಿನ ಎಡ ಅರ್ಧಗೋಳಕ್ಕೆ ಹೋಗುತ್ತದೆ, ‘ಯಶವಂ’ ಬಲ ಅರ್ಧಗೋಳಕ್ಕೆ. ಅಕ್ಷರ ಕೂಡಿಸಿ ಪದ ಗುರುತಿಸುವ ಕಸುಬು ಹೆಚ್ಚಿನವರಲ್ಲಿ ಎಡಗಡೆಯದು. ಹಾಗಾಗಿ ‘ಯಶವಂ’ ಬಲದಿಂದ ಎಡಕ್ಕೆ ದಾಟಿ ಬರಲೇಬೇಕು. ಬರುತ್ತದೆ, ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗದಷ್ಟು ಹೊತ್ತಿನಲ್ಲಿ.

ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬದಿಗಿಡಬೇಕು. ಎಡಗಣ್ಣಿನದು ಬಲ ಮಿದುಳಿಗೆ, ಬಲಗಣ್ಣಿನದು ಎಡ ಮಿದುಳಿಗೆ ಎಂದು ಬಯಾಲಜಿ ಓದಿದವರಲ್ಲೂ ಕೆಲವರು ನಂಬಿರುತ್ತಾರೆ. ಒಂದು ಕಣ್ಣು ಮುಚ್ಚಿ ಅದೇ ಫಲಕ ನೋಡಿ. ಆಗಲೂ ಹೆಸರು ಎರಡು ಪಾಲಾಗಿಯೇ ಒಳಹೋಗುತ್ತದೆ. ಪ್ರತಿ ಕಣ್ಣಿನ ರೆಟಿನಾದಲ್ಲೂ ಮೂಗಿನ ಕಡೆಯ ಅರ್ಧ, ಕಿವಿಯ ಕಡೆಯ ಅರ್ಧ ಎಂದು ಎರಡು ಹೋಳು. ಮೂಗಿನ ಕಡೆಯ ಅರ್ಧದಿಂದ ಹೊರಟ ನರತಂತುಗಳು ಮಿದುಳಿನ ಬುಡದಲ್ಲಿ, ಪಿಟ್ಯುಟರಿ ಗ್ರಂಥಿಯ ಸ್ವಲ್ಪ ಮೇಲೆ, ಆಚೆ ಬದಿಗೆ ಹಾಯುತ್ತವೆ. ಕಿವಿಯ ಕಡೆಯವು ಹಾಯದೆ ತಮ್ಮ ಬದಿಯಲ್ಲೇ ಮುಂದುವರಿಯುತ್ತವೆ. ಒಂದೊಂದು ಕಣ್ಣಿನಿಂದ ಹೊರಡುವ ತಂತುಗಳು ಸುಮಾರು 10 ಲಕ್ಷ. ಅವುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಬದಿ ಬದಲಿಸುತ್ತವೆ. ಇಷ್ಟರ ಫಲವಾಗಿ, ಎರಡೂ ಕಣ್ಣು ಕಂಡ ಎಡಬದಿಯ ಲೋಕ ಬಲ ಅರ್ಧಗೋಳದಲ್ಲಿ, ಬಲಬದಿಯ ಲೋಕ ಎಡ ಅರ್ಧಗೋಳದಲ್ಲಿ ಸೇರುತ್ತದೆ. ಪಿಟ್ಯುಟರಿಯಲ್ಲಿ ಗಡ್ಡೆ ಬೆಳೆದು ಈ ಹಾಯುವ ಜಾಗವನ್ನು ಒತ್ತಿದರೆ ಎರಡೂ ಅಂಚಿನ ನೋಟ ಹೋಗುತ್ತದೆ. ರೋಗಿ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಾ ಬರುವುದರಿಂದಲೇ ವೈದ್ಯರಿಗೆ ಅನುಮಾನ ಹುಟ್ಟುವುದುಂಟು.

ಹೀಗೆ ಅರ್ಧರ್ಧ ಹಂಚಿಕೆಯಾಗುತ್ತಿರಬೇಕು ಎಂದು ನ್ಯೂಟನ್ 1704ರ ತನ್ನ ‘ಆಪ್ಟಿಕ್ಸ್’ ಪುಸ್ತಕದ ಕೊನೆಯಲ್ಲಿ ಕೊಟ್ಟ ಪ್ರಶ್ನೆಗಳ ಪಟ್ಟಿಯಲ್ಲೇ ಊಹಿಸಿದ್ದ. ಬೆಳಕಿನ ನಮ್ಮ ಪಂಡಿತ ಸಿ.ವಿ. ರಾಮನ್ ಕೂಡ ಇಳಿವಯಸ್ಸಿನಲ್ಲಿ, ಮೇಖ್ರಿ ಸರ್ಕಲ್ ಹತ್ತಿರದ ತಮ್ಮ ಸಂಸ್ಥೆಯಲ್ಲಿ ಕೂತು ನೋಟದ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದರು. ಬಣ್ಣದ ಫಿಲ್ಟರನ್ನು ಕಣ್ಣೆದುರು ಹಿಡಿದು, ಥಟ್ಟನೆ ಸರಿಸಿ, ತಮ್ಮದೇ ರೆಟಿನಾದ ಚಹರೆಯನ್ನು ಬಿಳಿ ಪರದೆಯ ಮೇಲೆ ಕಾಣುವ ಪ್ರಯೋಗ ಅವರದು. 1968ರಲ್ಲಿ ‘ದಿ ಫಿಸಿಯಾಲಜಿ ಆಫ್ ವಿಷನ್’ ಎಂಬ ಪುಸ್ತಕವೂ ಬಂತು. ರಾಮನ್ನರ ಗಮನ ಹೆಚ್ಚಾಗಿ ರೆಟಿನಾದ ಮೇಲೇ ಇತ್ತು. ನಮ್ಮ ಕಥೆಗೆ ಕಳೆ ಕಟ್ಟುವುದು ರೆಟಿನಾ ದಾಟಿದ ಮೇಲೆ.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಿದುಳಿನದೇ ಒಂದು ಮ್ಯೂಸಿಯಂ ಇದೆ. ಅಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಲು ಬಿಡುತ್ತಾರೆ. ಅಂಥ ಮಿದುಳನ್ನು ಹಣೆಯಿಂದ ಹಿಂದಲೆಯವರೆಗೆ ನಟ್ಟನಡುವೆ ಸೀಳಿದರೆ ಒಳಮೈಯಲ್ಲಿ ಬೆಳ್ಳಗಿನ ಕಮಾನೊಂದು ಎದ್ದು ಕಾಣುತ್ತದೆ. ಉದ್ದ ಸುಮಾರು 10 ಸೆಂಟಿಮೀಟರ್. ಮುಂದೆ ಬಾಗಿ, ನಡುವೆ ಸಪೂರವಾಗಿ, ಹಿಂದೆ ಮತ್ತೆ ದಪ್ಪಗಾಗಿರುತ್ತದೆ. ಇದೇ ಕಾರ್ಪಸ್ ಕೆಲೋಸಮ್. ಎರಡು ಅರ್ಧಗೋಳಗಳ ನಡುವೆ ಓಡಾಡುವ ಸುಮಾರು 20 ಕೋಟಿ ತಂತುಗಳ ಕಂತೆ. ಎರಡು ಕಣ್ಣುಗಳಿಂದ ಒಳಬರುವ ತಂತುಗಳು ಕೂಡಿಸಿದರೂ 20 ಲಕ್ಷ. ಹೊರಗಿನ ಲೋಕದ ಬೆಳಕನ್ನು ಒಳತರುವ ತಂತುಗಳಿಗಿಂತ ಎರಡು ಬದಿಗಳ ಆಂತರಿಕ ಮಾತುಕತೆಯ ತಂತುಗಳು ನೂರು ಪಟ್ಟು! ಎಲ್ಲವೂ ನೋಟಕ್ಕೆ ಸೇರಿದ್ದಲ್ಲ, ನಿಜ. ನೋಟದ ಸುದ್ದಿ ಹೆಚ್ಚಾಗಿ ಸಾಗುವುದು ಹಿಂಬದಿಯ ದಪ್ಪ ತುದಿಯಲ್ಲಿ. ಅದಕ್ಕೆ ಸ್ಪ್ಲೀನಿಯಂ ಎನ್ನುತ್ತಾರೆ.

ಇಷ್ಟು ದೊಡ್ಡ ಕಂತೆ ಇದ್ದೂ ಅದರ ಕೆಲಸವೇನೆಂದು 1950ರವರೆಗೂ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. 1940ರ ಸುಮಾರಿಗೆ ಅಮೆರಿಕದ ರೋಚೆಸ್ಟರ್‌ನಲ್ಲಿ ಮೂರ್ಛೆರೋಗ ತಡೆಯಲೆಂದು ಕೆಲವು ರೋಗಿಗಳಲ್ಲಿ ಇದನ್ನು ಕತ್ತರಿಸಿದ್ದರು. ಆಮೇಲೆ ಪರೀಕ್ಷೆ ಮಾಡಿದವರಿಗೆ ವ್ಯತ್ಯಾಸವೇ ಕಾಣಲಿಲ್ಲ. ಹಾಗಾದರೆ ಎರಡು ಬದಿ ಜೋತುಬೀಳದಂತೆ ಹಿಡಿದಿಡಲು ಇರಬೇಕು ಎಂದು ಹಾಸ್ಯ ಮಾಡಿದವರೂ ಇದ್ದರು. ಉತ್ತರ ಬಂದದ್ದು ಬೆಕ್ಕುಗಳಿಂದ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ರೋಜರ್ ಸ್ಪೆರಿ ಮತ್ತು ಅವರ ವಿದ್ಯಾರ್ಥಿ ರೊನಾಲ್ಡ್ ಮೈಯರ್ಸ್ ಬೆಕ್ಕಿನ ದೃಷ್ಟಿತಂತುಗಳು ಹಾಯುವ ಜಾಗವನ್ನು ಸೀಳಿದರು. ಈಗ ಒಂದೊಂದು ಕಣ್ಣಿಗೆ ಒಂದೊಂದೇ ಅರ್ಧಗೋಳದ ಸಂಪರ್ಕ. ಒಂದು ಕಣ್ಣು ಮುಚ್ಚಿ, ಈ ಆಕೃತಿಯ ಬಾಗಿಲು ತಳ್ಳಿದರೆ ತಿಂಡಿ, ಆ ಆಕೃತಿಯದು ತಳ್ಳಿದರೆ ಇಲ್ಲ ಎಂದು ಕಲಿಸಿದರು. ಆಮೇಲೆ ಇನ್ನೊಂದು ಕಣ್ಣಿನಿಂದ ಕೇಳಿದರೆ ಬೆಕ್ಕಿಗೆ ಪಾಠ ಗೊತ್ತಿತ್ತು. ಕಾರ್ಪಸ್ ಕೆಲೋಸಮ್ಮನ್ನೂ ಕತ್ತರಿಸಿದ ಬೆಕ್ಕಿಗೆ ಎರಡನೇ ಕಣ್ಣಿನಲ್ಲಿ ಏನೂ ಗೊತ್ತಿರಲಿಲ್ಲ, ಮೊದಲಿನಿಂದ ಕಲಿಯಬೇಕಾಯಿತು. ಬೇಕಿದ್ದರೆ ಎರಡು ಕಣ್ಣಿಗೆ ಒಂದಕ್ಕೊಂದು ವಿರುದ್ಧವಾದ ಪಾಠ ಕಲಿಸಬಹುದಿತ್ತು, ಬೆಕ್ಕಿಗೆ ಗೊಂದಲವೇ ಇಲ್ಲ. 1981ರ ನೊಬೆಲ್ ಬಹುಮಾನದ ಒಂದು ಪಾಲು ಸ್ಪೆರಿಯವರಿಗೆ ಬಂತು.

ಇಲ್ಲಿಂದ ಮುಂದೆ ಒಂದು ಸಹಜ ಕಲ್ಪನೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಬಲ ಅರ್ಧಗೋಳದಲ್ಲಿ ಮೂಡಿದ ಅರ್ಧ ಚಿತ್ರ ಇಡಿಯಾಗಿ ಎಡಕ್ಕೆ, ಎಡದ್ದು ಬಲಕ್ಕೆ ರವಾನೆಯಾಗಿ ಎರಡೂ ಕಡೆ ಪೂರ್ತಿ ಚಿತ್ರ ತಯಾರಾಗುತ್ತದೆ ಎಂಬ ಕಲ್ಪನೆ. ಚೌಧುರಿ, ವಿಟ್ಟರಿಜ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು 1965ರಲ್ಲಿ ಬೆಕ್ಕುಗಳಲ್ಲೇ ಕಂಡದ್ದು ಬೇರೆ. ದೃಷ್ಟಿಯ ಮೊದಲ ನಿಲ್ದಾಣದಲ್ಲಿ, ಅಂದರೆ ಹಿಂದಲೆಯ ಪ್ರಾಥಮಿಕ ದೃಷ್ಟಿ ಪ್ರದೇಶದಲ್ಲಿ, ಆಚೆಯಿಂದ ಬರುವ ತಂತುಗಳು ತಲುಪುವುದು ಒಂದೇ ಪಟ್ಟಿಗೆ: ನೋಟದ ನಡುಗೆರೆಯನ್ನು ನೋಡಿಕೊಳ್ಳುವ ಪಟ್ಟಿಗೆ. ಎರಡು ವರ್ಷ ಕಳೆದು ಹ್ಯೂಬೆಲ್ ಮತ್ತು ವೀಸೆಲ್ ಕೂಡ ಇದನ್ನೇ ಕಂಡರು. ಎಡಬದಿಯ ದೂರದ ಅಂಚಿನಲ್ಲಿರುವ ಮರ, ಬಲಬದಿಯ ದೂರದ ಅಂಚಿನ ಕಂಬ ಇವುಗಳಿಗೆ ಈ ಹಂತದಲ್ಲಿ ಪರಸ್ಪರ ಪರಿಚಯವೇ ಇಲ್ಲ. ಕೌದಿ ಹೊಲಿಯುವ ಅಜ್ಜಿ ಎರಡು ತುಂಡು ಬಟ್ಟೆಯ ಅಂಚು ಸೇರಿಸಿ ಮೊದಲು ಅಲ್ಲಿ ದಾರ ಓಡಿಸುತ್ತಾಳಲ್ಲ, ಆ ಬಗೆಯ ಕೆಲಸ ಇದು, ಅಂಚಿಗಷ್ಟೇ ಹೊಲಿಗೆ.

ಒಂದೊಂದೇ ಹಂತ ಮುಂದಕ್ಕೆ ಹೋದಂತೆ ಕೋಶಗಳ ನೋಟದ ಹರವು ದೊಡ್ಡದಾಗುತ್ತದೆ. ಕಿವಿಯ ಮೇಲ್ಭಾಗದ ಟೆಂಪೊರಲ್ ಹಾಲೆಯ ಕೆಳಮೈಗೆ ಬರುವಷ್ಟರಲ್ಲಿ ಒಂದೊಂದು ಕೋಶವೂ ಎರಡೂ ಬದಿಗೆ ಸ್ಪಂದಿಸುತ್ತದೆ. ಮುಖ, ಕೈ, ಮರ ಇವು ‘ವಸ್ತು’ವಾಗಿ ಗುರುತಾಗುವುದು ಅಲ್ಲಿ. 1975ರಲ್ಲಿ ಮಂಗಗಳ ಮೇಲೆ ನಡೆದ ಪ್ರಯೋಗದಲ್ಲಿ ಸ್ಪ್ಲೀನಿಯಂ ಮತ್ತು ಅರ್ಧಗೋಳಗಳ ನಡುವಿನ ಇನ್ನೊಂದು ಚಿಕ್ಕ ಸೇತುವೆ ಎರಡನ್ನೂ ಕತ್ತರಿಸಿದಾಗ ಆ ಕೋಶಗಳಿಗೆ ತಮ್ಮದೇ ಬದಿಯ ನೋಟ ಕಾಣಿಸುವುದು ನಿಂತುಹೋಯಿತು. ಅಂದರೆ ಆಚೆಗೆ ದಾಟುವ ಸರಕಿನಲ್ಲಿ ಹೆಚ್ಚಿನದು ಕಚ್ಚಾ ಚಿತ್ರವಲ್ಲ, ಅರ್ಧ ಅಡುಗೆಯಾದದ್ದು.

ಹೆಬ್ಬಾಳ ಕೆರೆಯ ದಂಡೆಯಲ್ಲಿ ಅರ್ಧ ಗಂಟೆ ನಿಂತರೆ ಇನ್ನೊಂದು ಬಗೆಯ ಏರ್ಪಾಡು ಕಣ್ಣಿಗೆ ಬೀಳುತ್ತದೆ. ಬಾತುಕೋಳಿ ನಮ್ಮನ್ನು ನೋಡುವಾಗ ಮುಖ ತಿರುಗಿಸಿ ಒಂದು ಕಣ್ಣಿನಲ್ಲಿ ನೋಡುತ್ತದೆ. ಒಮ್ಮೊಮ್ಮೆ ಬದಿ ಬದಲಿಸಿ ಇನ್ನೊಂದರಲ್ಲೂ ನೋಡುತ್ತದೆ. ಹಕ್ಕಿಗಳಿಗೆ ಕಾರ್ಪಸ್ ಕೆಲೋಸಮ್ ಇಲ್ಲ, ಕಣ್ಣಿನ ತಂತುಗಳು ಹೆಚ್ಚುಕಡಿಮೆ ಎಲ್ಲವೂ ಆಚೆ ಹಾಯುತ್ತವೆ. ಪಾರಿವಾಳದ ಮೇಲೆ ನಡೆದ ಪ್ರಯೋಗಗಳಲ್ಲಿ, ಕೊಕ್ಕಿನ ಮುಂದಿದ್ದದ್ದನ್ನು ಒಂದು ಕಣ್ಣಿನಿಂದ ಕಲಿತರೆ ಇನ್ನೊಂದಕ್ಕೂ ಗೊತ್ತಾಗುತ್ತಿತ್ತು, ಪಕ್ಕದಲ್ಲಿದ್ದದ್ದನ್ನು ಕಲಿತರೆ ಗೊತ್ತಾಗುತ್ತಿರಲಿಲ್ಲ. ಗೂಬೆಯದು ಮತ್ತೂ ವಿಚಿತ್ರ. ಅದರ ಎರಡು ಕಣ್ಣೂ ಮುಂದಕ್ಕೆ ಇರುವುದರಿಂದ ಎರಡು ಚಿತ್ರಗಳನ್ನು ಕೂಡಿಸಬೇಕು; ಅದಕ್ಕಾಗಿ ತಂತುಗಳು ಒಮ್ಮೆ ಪೂರ್ತಿ ಹಾಯ್ದು, ಒಳಗೆ ಹೋದಮೇಲೆ ಕೆಲವು ಮತ್ತೆ ವಾಪಸು ಹಾಯುತ್ತವೆ. ಸಸ್ತನಿಗಳಲ್ಲೂ ಕಾಂಗರೂ, ಪ್ಲಾಟಿಪಸ್‌ಗಳಿಗೆ ಕಾರ್ಪಸ್ ಕೆಲೋಸಮ್ ಇಲ್ಲ. ಬಸಿರಿನಲ್ಲಿ ಮಾಸು ಬಳಸಿ ಮರಿ ಬೆಳೆಸುವ ಆನೆ, ಇಲಿ, ಮನುಷ್ಯರ ಕುಲಕ್ಕಷ್ಟೇ ಈ ಭಾಗ್ಯ.

ಇನ್ನು ಚಲಿಸುವ ವಸ್ತು. 1996ರಿಂದ ಯಲಹಂಕದ ವಾಯುನೆಲೆಯಲ್ಲಿ ನಡೆಯುತ್ತಿರುವ ಏರೋ ಇಂಡಿಯಾ ಇದಕ್ಕೆ ಒಳ್ಳೆಯ ಪ್ರಯೋಗಶಾಲೆ. ಸೂರ್ಯಕಿರಣ ತಂಡದ ವಿಮಾನಗಳು ಎಡದಿಂದ ಬಲಕ್ಕೆ ಹಾರುವಾಗ ಎಲ್ಲರೂ ಕತ್ತು ತಿರುಗಿಸಿ ಹಿಂಬಾಲಿಸುತ್ತಾರೆ. ಹಾಗೆ ಮಾಡದೆ ದೂರದ ಒಂದು ಕಂಬದ ತುದಿಯಲ್ಲಿ ಕಣ್ಣು ಕೀಲಿಸಿ ನಿಲ್ಲಿ. ವಿಮಾನ ಕಂಬದ ಎಡಕ್ಕಿರುವಾಗ ಅದರ ಲೆಕ್ಕ ಬಲ ಅರ್ಧಗೋಳದಲ್ಲಿ. ಕಂಬ ದಾಟಿದ ಮರುಕ್ಷಣ ಎಡ ಅರ್ಧಗೋಳದಲ್ಲಿ. ವಿಮಾನ ಎಲ್ಲೂ ತಡವರಿಸುವುದಿಲ್ಲ, ಎರಡಾಗುವುದಿಲ್ಲ, ಮಾಯವಾಗಿ ಮರಳಿ ಬರುವುದಿಲ್ಲ. ಎಂಐಟಿಯ ಅರ್ಲ್ ಮಿಲ್ಲರ್ ತಂಡ 2025ರಲ್ಲಿ ಪ್ರಕಟಿಸಿದ ಕೆಲಸ ಇದರ ಒಳಮರ್ಮದ ಬಗ್ಗೆಯೇ. ಪ್ರಾಣಿಗಳ ಮುಂಮಿದುಳಿನ ಎರಡೂ ಬದಿಯಲ್ಲಿ ಎಲೆಕ್ಟ್ರೋಡ್ ಇಟ್ಟು, ತೆರೆಯ ಮೇಲೆ ಗುರಿಯೊಂದು ನಡುಗೆರೆ ದಾಟುವುದನ್ನು ಗಮನಿಸಿದರು. ಗುರಿ ಗೆರೆ ಮುಟ್ಟುವ ಮುಂಚೆಯೇ ಅದನ್ನು ಪಡೆಯಬೇಕಾದ ಅರ್ಧಗೋಳದಲ್ಲಿ ಅದರ ಸುಳಿವು ಏರತೊಡಗಿತ್ತು. ದಾಟಿದ ಮೇಲೂ ಬಿಟ್ಟುಕೊಡುವ ಅರ್ಧಗೋಳ ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡೇ ಇತ್ತು. ಕೆಲಹೊತ್ತು ಇಬ್ಬರ ಕೈಯೂ ವಸ್ತುವಿನ ಮೇಲೆ ಇರುವುದರಿಂದಲೇ ಅದು ಬೀಳುವುದಿಲ್ಲ. 2021ರಲ್ಲಿ ಇದೇ ತಂಡ ಮಂಗಗಳಲ್ಲಿ ಇನ್ನೊಂದನ್ನು ಕಂಡಿತ್ತು. ಒಂದು ಬದಿಯಲ್ಲಿ ಕಂಡದ್ದನ್ನು ನೆನಪಿನಲ್ಲಿಟ್ಟುಕೊಂಡಿರುವಾಗ ಕಣ್ಣು ಬೇರೆಡೆ ಹೊರಳಿದರೆ, ಆ ನೆನಪೂ ಒಂದು ಅರ್ಧಗೋಳದಿಂದ ಇನ್ನೊಂದಕ್ಕೆ ಹೋಗುತ್ತದೆ. ಹೋದಲ್ಲಿ ಅದನ್ನು ಹೊರುವ ಕೋಶಗಳ ಗುಂಪು ಮಾತ್ರ ಬೇರೆ. ಅದೇ ವಸ್ತುವನ್ನು ಮೊದಲಿಗೇ ಆ ಬದಿಯಲ್ಲಿ ಕಂಡಿದ್ದರೆ ಎಚ್ಚರಗೊಳ್ಳುತ್ತಿದ್ದ ಗುಂಪು ಅದಲ್ಲ.

ಈ ಹಸ್ತಾಂತರಕ್ಕೆ ಬೆಲೆಯೂ ಇದೆ. ಹಾರ್ವರ್ಡ್‌ನ ಜಾರ್ಜ್ ಆಲ್ವರೆಜ್ ಮತ್ತು ಪ್ಯಾಟ್ರಿಕ್ ಕವಾನಾ 2005ರಲ್ಲಿ ತೋರಿಸಿದಂತೆ, ಓಡಾಡುವ ಚುಕ್ಕೆಗಳ ಪೈಕಿ ಕೆಲವನ್ನು ಗಮನದಲ್ಲಿ ಹಿಡಿದಿಡಿ ಎಂದರೆ, ಎಲ್ಲವೂ ಒಂದೇ ಬದಿಯಲ್ಲಿದ್ದಾಗ ಹಿಡಿದಿಡುವುದಕ್ಕಿಂತ ಎರಡೂ ಬದಿಗೆ ಹಂಚಿದಾಗ ಸುಮಾರು ಎರಡು ಪಟ್ಟು ಹಿಡಿದಿಡಬಹುದು. ಎರಡು ಅರ್ಧಗೋಳಗಳೂ ಗಮನದ ವಿಷಯದಲ್ಲಿ ಬೇರೆ ಬೇರೆ ಗಂಟು ಇಟ್ಟುಕೊಂಡಿವೆ. ಹೆಬ್ಬಾಳ ಜಂಕ್ಷನ್ನಿನಲ್ಲಿ ರಸ್ತೆ ದಾಟಲು ಕಾಯುವಾಗ ಬೈಕು, ಬಸ್ಸು, ಆಟೊ ಎಲ್ಲ ಬಲಗಡೆಯಿಂದಲೇ ಒಟ್ಟಿಗೆ ಬಂದರೆ ತಲೆ ಗಿಮ್ಮೆನ್ನುವುದಕ್ಕೆ ಸಂಚಾರ ಪೊಲೀಸರಷ್ಟೇ ಕಾರಣರಲ್ಲ ಎಂದಾಯಿತು.

ಇಷ್ಟು ಹೇಳಿದ ಮೇಲೆ ‘ಮಿಡ್‌ಬ್ರೈನ್ ಆ್ಯಕ್ಟಿವೇಶನ್’ ಬಗ್ಗೆ ಸುಮ್ಮನಿರಲು ಆಗುವುದಿಲ್ಲ. ಎಡ–ಬಲ ಮಿದುಳುಗಳ ನಡುವಿನ ಸೇತುವೆಯನ್ನು ಕೆಲವು ವಾರಾಂತ್ಯಗಳಲ್ಲಿ ‘ಚಾಲೂ’ ಮಾಡುತ್ತೇವೆ, ಮಗು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಓದುತ್ತದೆ ಎಂದು ಸಾವಿರಾರು ರೂಪಾಯಿ ವಸೂಲು ಮಾಡುವ ತರಗತಿಗಳು ನಮ್ಮ ಬಡಾವಣೆಗಳಲ್ಲೂ ನಡೆದವು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಊರೂರು ತಿರುಗಿ ಇದರ ಗುಟ್ಟು ಬಯಲು ಮಾಡಿದರು: ಪಟ್ಟಿ ಮತ್ತು ಮೂಗಿನ ನಡುವಿನ ಸಂದಿಯಿಂದ ಮಕ್ಕಳು ಇಣುಕುತ್ತಿದ್ದರು. ಮಿಡ್‌ಬ್ರೈನ್ ಎಂಬುದು ಮಿದುಳಿನ ಕಾಂಡದ ತುದಿ. ಎರಡು ಅರ್ಧಗೋಳಗಳ ಸೇತುವೆ ಅದಲ್ಲ. ಸೇತುವೆಗೆ ಚಾಲನೆ ಕೊಡಿಸಬೇಕಾದ ಅಗತ್ಯವೂ ಇಲ್ಲ, ಅದು ತಾನಾಗಿಯೇ ಕೆಲಸ ಮಾಡುತ್ತಿರುತ್ತದೆ. ಅಪ್ಪ ಅಮ್ಮಂದಿರ ಎದುರೇ ಸುಳ್ಳಾಡುವುದನ್ನು ದುಡ್ಡು ತೆಗೆದುಕೊಂಡು ಮಕ್ಕಳಿಗೆ ಕಲಿಸಿದ ಈ ದಂಧೆಯನ್ನು ಬರೀ ಮೂಢನಂಬಿಕೆ ಎಂದು ನಕ್ಕುಬಿಡುವುದು ನನಗೆ ಕಷ್ಟ.

ಯಶವಂತಪುರ–ಮಲ್ಲೇಶ್ವರಗಳ ನಡುವೆ ಹರಡಿಕೊಂಡಿರುವ ಐಐಎಸ್‌ಸಿಯ ನರವಿಜ್ಞಾನ ಕೇಂದ್ರ ಈ ಮಾತಿನೊಳಗೆ ಎರಡು ಕಡೆ ಬರುತ್ತದೆ. ಒಂದು ರಂಗೋಲಿಯ ವಿಚಾರ. ಆರ್‌.ಟಿ. ನಗರದ ಗಲ್ಲಿಯಲ್ಲಿ ಬೆಳಿಗ್ಗೆ ನಡೆದು ಹೋಗುವಾಗ, ಎಡ–ಬಲ ಒಂದೇ ಸಮ ಇರುವ ರಂಗೋಲಿ ಥಟ್ಟನೆ ಕಣ್ಣಿಗೆ ಹಿಡಿಸುತ್ತದೆ. ಒಂದು ಎಳೆ ತಪ್ಪಿದ್ದರೂ ಗೊತ್ತಾಗುತ್ತದೆ. ಎಡದ ಅರ್ಧ ಒಂದು ಅರ್ಧಗೋಳದಲ್ಲಿ, ಬಲದ್ದು ಇನ್ನೊಂದರಲ್ಲಿ ಇರುವುದರಿಂದ, ಕಾರ್ಪಸ್ ಕೆಲೋಸಮ್ ಎರಡನ್ನೂ ಚುಕ್ಕೆಗೆ ಚುಕ್ಕೆ ಇಟ್ಟು ಹೋಲಿಸುತ್ತದೆ ಎಂಬ ವಾದ ಬಹಳ ಕಾಲದಿಂದ ಇತ್ತು. ಕೇಳಲು ಚೆಂದವೇ. ಐಐಎಸ್‌ಸಿಯ ಆರ್‌.ಟಿ. ಪ್ರಮೋದ್ ಮತ್ತು ಎಸ್‌.ಪಿ. ಅರುಣ್ 2018ರಲ್ಲಿ ಪ್ರಕಟಿಸಿದ ಲೇಖನಕ್ಕೆ ಅಂಥ ವಿಶೇಷ ಯಂತ್ರ ಬೇಕಾಗಲಿಲ್ಲ. ಮಂಗಗಳ ಟೆಂಪೊರಲ್ ಹಾಲೆಯ ಒಂದೊಂದೇ ಕೋಶವನ್ನು ಆಲಿಸಿದಾಗ, ಇಡೀ ಆಕೃತಿಗೆ ಕೋಶ ಕೊಡುವ ಸ್ಪಂದನೆ ಅದರ ಭಾಗಗಳಿಗೆ ಕೊಡುವ ಸ್ಪಂದನೆಗಳ ಸರಳ ಕೂಡಿಕೆಯೇ ಆಗಿತ್ತು. ಒಂದೇ ಬಗೆಯ ಎರಡು ಭಾಗ ಕೂಡಿದಾಗ ಆ ಮೊತ್ತ ಉಳಿದ ಆಕೃತಿಗಳಿಂದ ದೂರ ನಿಲ್ಲುತ್ತಿತ್ತು. ಸೇತುವೆ ಇದ್ದಮಾತ್ರಕ್ಕೆ ಎಲ್ಲ ಕೀರ್ತಿಯನ್ನೂ ಅದಕ್ಕೇ ಕಟ್ಟಬೇಕಾಗಿಲ್ಲ.

ಇನ್ನೊಂದು, ತಂತುಗಳ ನಕ್ಷೆ. ಬದುಕಿರುವ ಮನುಷ್ಯನ ಸೇತುವೆಯನ್ನು ಸೀಳಿ ನೋಡುವಂತಿಲ್ಲ. ಎಂಆರ್‌ಐ ಯಂತ್ರದಲ್ಲಿ ನೀರಿನ ಅಣುಗಳು ಯಾವ ದಿಕ್ಕಿಗೆ ಸುಲಭವಾಗಿ ಹರಿಯುತ್ತವೆ ಎಂದು ಅಳೆದು, ತಂತುಗಳು ಎತ್ತ ಸಾಗಿರಬೇಕು ಎಂದು ಊಹಿಸುತ್ತಾರೆ. ಊಹೆಯಲ್ಲಿ ಸುಳ್ಳು ತಂತುಗಳು ಬಹಳ ಸೇರಿಕೊಳ್ಳುತ್ತವೆ. ಲಕ್ಷಗಟ್ಟಲೆ ಎಳೆಗಳಲ್ಲಿ ಯಾವುದು ನಿಜ ಎಂದು ಜರಡಿ ಹಿಡಿಯಲು ಸಾಮಾನ್ಯ ಕಂಪ್ಯೂಟರಿಗೆ ವಿಪರೀತ ಸಮಯ ಬೇಕು. ಶ್ರೀಧರನ್ ದೇವರಾಜನ್ ಮತ್ತು ವರ್ಷಾ ಶ್ರೀನಿವಾಸನ್ ಸೇರಿದ ತಂಡ 2022ರಲ್ಲಿ ಈ ಜರಡಿಯನ್ನು ವಿಡಿಯೊ ಗೇಮಿನ ಗ್ರಾಫಿಕ್ಸ್ ಚಿಪ್‌ಗಳ ಮೇಲೆ ಓಡುವಂತೆ ಹೊಸದಾಗಿ ಬರೆದು, ನೂರೈವತ್ತು ಪಟ್ಟಿನವರೆಗೆ ವೇಗ ತಂದಿತು.

ಓದಿನ ವಿಷಯಕ್ಕೆ ಮರಳೋಣ. ಸ್ಪ್ಲೀನಿಯಂ ಕೆಟ್ಟರೆ ಏನಾಗುತ್ತದೆ ಎಂದು ಮೊದಲು ತೋರಿಸಿದವನು ಪ್ಯಾರಿಸ್ಸಿನ ಒಬ್ಬ ಬಟ್ಟೆ ವ್ಯಾಪಾರಿ. 1887ರ ಒಂದು ದಿನ ಅವನಿಗೆ ಇದ್ದಕ್ಕಿದ್ದಂತೆ ಓದಲು ಬಾರದಾಯಿತು. ಕಣ್ಣು ಕಾಣುತ್ತಿತ್ತು, ಮಾತು ಸರಿಯಿತ್ತು, ಬುದ್ಧಿ ಚುರುಕಾಗಿತ್ತು, ಲೆಕ್ಕಪತ್ರ ಮಾಡುತ್ತಿದ್ದ. ಕಾಗದ ಕೊಟ್ಟರೆ ಸರಾಗವಾಗಿ ಬರೆಯುತ್ತಿದ್ದ; ಬರೆದದ್ದನ್ನು ತಾನೇ ಓದಲಾರ. ಬಲಬದಿಯ ನೋಟವೂ ಹೋಗಿತ್ತು. ಅ ಅಕ್ಷರಕ್ಕೆ ಸಮನಾದ ತನ್ನ ಭಾಷೆಯ ಎ ಅಕ್ಷರ ತೋರಿಸಿದರೆ ಚಿತ್ರಕಾರರ ಹಲಗೆ ನಿಲ್ಲಿಸುವ ಚೌಕಟ್ಟಿನ ಹಾಗಿದೆ ಎನ್ನುತ್ತಿದ್ದ, ಝಡ್ ತೋರಿಸಿದರೆ ಹಾವಿನ ಹಾಗಿದೆ ಎನ್ನುತ್ತಿದ್ದ. ಅಂದಮೇಲೆ ಆಕಾರ ಕಾಣುತ್ತಿತ್ತು, ಹೆಸರು ಬರುತ್ತಿರಲಿಲ್ಲ. ನಾಲ್ಕು ವರ್ಷದ ಮೇಲೆ ಅವನು ತೀರಿಕೊಂಡಾಗ ವೈದ್ಯ ಜೂಲ್ ದೆಜೆರೀನ್ ಮಿದುಳನ್ನು ಪರೀಕ್ಷಿಸಿ 1892ರಲ್ಲಿ ವರದಿ ಬರೆದರು. ಎಡಗಡೆಯ ದೃಷ್ಟಿ ಪ್ರದೇಶ ಸತ್ತಿತ್ತು, ಸ್ಪ್ಲೀನಿಯಂ ಕೂಡ ಸತ್ತಿತ್ತು. ಎರಡಕ್ಕೂ ರಕ್ತ ಹರಿಸುವುದು ಹೆಚ್ಚಾಗಿ ಹಿಂಬದಿಯ ಒಂದೇ ಧಮನಿ. ಅದು ಕಟ್ಟಿಕೊಂಡರೆ ಎರಡೂ ಒಟ್ಟಿಗೆ ಹೋಗುವುದು ಇದಕ್ಕೇ. ಉಳಿದ ಬಲ ಅರ್ಧಗೋಳ ಅಕ್ಷರಗಳನ್ನು ನೋಡುತ್ತಿತ್ತು. ನೋಡಿದ್ದನ್ನು ಎಡಕ್ಕೆ ಮುಟ್ಟಿಸುವ ದಾರಿ ಇರಲಿಲ್ಲ. ಬರೆಯುವ ಕೈಗೂ ಎಡದ ಭಾಷಾಕೇಂದ್ರಕ್ಕೂ ಸಂಪರ್ಕ ಮುರಿದಿರಲಿಲ್ಲವಾದ್ದರಿಂದ ಬರವಣಿಗೆ ಉಳಿಯಿತು.

ಇದಕ್ಕೆ ಶುದ್ಧ ಅಲೆಕ್ಸಿಯಾ ಎನ್ನುತ್ತಾರೆ. ಇಂಥ ಕೆಲವರು ಒಂದು ಉಪಾಯ ಕಂಡುಕೊಳ್ಳುತ್ತಾರೆ: ಕಂಡ ಅಕ್ಷರವನ್ನು ಬೆರಳಿನಿಂದ ಗಾಳಿಯಲ್ಲೋ ಮೇಜಿನ ಮೇಲೋ ತಿದ್ದುತ್ತಾರೆ, ಬೆರಳು ಓಡಿದ ಕೂಡಲೇ ಅಕ್ಷರ ಹೊಳೆಯುತ್ತದೆ. ಕಣ್ಣಿನ ದಾರಿ ಮುಚ್ಚಿದ್ದರೂ ಕೈಯ ದಾರಿ ತೆರೆದಿದೆ. ಅಕ್ಕಿ ಹರಡಿದ ತಟ್ಟೆಯಲ್ಲಿ ಹಿರಿಯರು ಬೆರಳು ಹಿಡಿದು ತಿದ್ದಿಸಿದ ಅಕ್ಷರಾಭ್ಯಾಸ ಹಬ್ಬದ ಶಾಸ್ತ್ರ ಎಂದುಕೊಂಡಿದ್ದೇವೆ. ಮಿದುಳಿನ ಮಟ್ಟಿಗೆ ಅಕ್ಷರ ತಲುಪುವ ಎರಡನೇ ರಸ್ತೆ ಅದು. ಮನೆಯಲ್ಲಿ ವಯಸ್ಸಾದವರು ಬೆಳಿಗ್ಗೆ ಪೇಪರ್ ಹಿಡಿದು ‘ಅಕ್ಷರ ಕಾಣ್ತಿದೆ, ಓದಕ್ಕೆ ಆಗ್ತಿಲ್ಲ’ ಎಂದರೆ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗಬಾರದು. ಅದು ಪಾರ್ಶ್ವವಾಯು ಇರಬಹುದು. ರಕ್ತದ ಹೆಪ್ಪು ಕರಗಿಸುವ ಮದ್ದಿಗೆ ಇರುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ.

ಕನ್ನಡ ಓದುವ ಮಿದುಳಿನಲ್ಲೂ ಇದು ದಾಖಲಾಗಿದೆ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಲ್ಲ ಒಬ್ಬರಲ್ಲಿ ಕಂಡ ಶುದ್ಧ ಅಲೆಕ್ಸಿಯಾ ಬಗ್ಗೆ ಪ್ರತಿಭಾ ಕಾರಂತ ಅವರು ಬರೆದ ಲೇಖನ 1981ರಲ್ಲಿ ‘ಕಾರ್ಟೆಕ್ಸ್’ ಪತ್ರಿಕೆಯಲ್ಲಿ ಬಂತು. ಮುಂದೆ ಭಾರತೀಯ ಲಿಪಿಗಳ ಓದು ಕೆಡುವ ಬಗೆಗಳ ಮೇಲೆ ಅವರು ಪುಸ್ತಕವನ್ನೇ ಬರೆದರು. ಓದಿನ ಸಿದ್ಧಾಂತಗಳೆಲ್ಲ ಇಪ್ಪತ್ತಾರು ಅಕ್ಷರದ ಲಿಪಿ ಇಟ್ಟುಕೊಂಡೇ ಕಟ್ಟಿದ ಕಾಲದಲ್ಲಿ ಇದು ಸಣ್ಣ ಕೆಲಸವಲ್ಲ. ಇಂಗ್ಲಿಷ್ ಅಲೆಕ್ಸಿಯಾದವರು ಒಂದೊಂದೇ ಅಕ್ಷರ ಹೇಳಿಕೊಳ್ಳುತ್ತಾ ಪದ ಕಟ್ಟುತ್ತಾರೆ, ಪದ ಉದ್ದವಾದಷ್ಟೂ ಹೊತ್ತು ಹೆಚ್ಚು. ಕನ್ನಡದಲ್ಲಿ ‘ಒಂದು’ ಎಂದರೆ ಯಾವುದು? ಗುಣಿತ ಸೇರಿದ ಇಡೀ ಅಕ್ಷರವೋ, ತಲೆಕಟ್ಟು, ಕೊಂಬು, ಒತ್ತುಗಳೋ? ಶಾಲೆಗಳಲ್ಲಿ ಮಕ್ಕಳ ಓದು ಗಮನಿಸಿ ಸೊನಾಲಿ ನಾಗ್ 2007ರಲ್ಲಿ ಬರೆದಂತೆ, ಇಂಗ್ಲಿಷ್ ಅಕ್ಷರಮಾಲೆಗೆ ಹೋಲಿಸಿದರೆ ಕನ್ನಡದ ಅಕ್ಷರಸಂಪತ್ತು ಪೂರ್ತಿ ಕೈವಶವಾಗಲು ನಾಲ್ಕನೇ ತರಗತಿಯೂ ದಾಟುತ್ತದೆ.

ನನಗೆ ಇಲ್ಲಿ ಕಾಡುವುದು ಅರ್ಕಾವೊತ್ತು. ಕನ್ನಡದ ಬೇರೆ ಒತ್ತುಗಳು ಹೆಚ್ಚಾಗಿ ಅಕ್ಷರದ ಕೆಳಗೆ ಕೂರುತ್ತವೆ. ಕೆಳಗಿದ್ದರೆ ತೊಂದರೆಯಿಲ್ಲ, ಅರ್ಧಗೋಳಗಳ ನಡುವಿನ ಪಾಲು ಎಡ–ಬಲವಾಗಿ ಮಾತ್ರ, ಮೇಲೆ–ಕೆಳಗಾಗಿ ಅಲ್ಲ. ಅಕ್ಷರ ಹೋದ ಕಡೆಗೇ ಒತ್ತೂ ಹೋಗುತ್ತದೆ. ‘ಕರ್ನಾಟಕ’ ಬರೆದು ನೋಡಿ. ಬಾಯಿ ಮೊದಲು ಹೇಳುವ ರಕಾರ, ಬರಹದಲ್ಲಿ ‘ನಾ’ ಮುಗಿದ ಮೇಲೆ ಅದರ ಬಲಕ್ಕೆ ಬರುತ್ತದೆ. ಕಣ್ಣು ‘ನಾ’ ಮತ್ತು ಅರ್ಕಾವೊತ್ತಿನ ನಡುವೆ ನೆಟ್ಟಿತೆನ್ನಿ. ಆಗ ‘ನಾ’ ಬಲ ಅರ್ಧಗೋಳಕ್ಕೆ ಹೋಗಿ ಸ್ಪ್ಲೀನಿಯಂ ದಾಟಿ ಬರಬೇಕು. ನುಡಿಯುವಾಗ ಮುಂಚೆ ಬರುವ ರಕಾರ ಎಡಕ್ಕೆ ನೇರವಾಗಿ ಬಂದಿರುತ್ತದೆ. ನೋಟದ ನಟ್ಟನಡುವಿನ ಕಿರಿದಾದ ಪಟ್ಟಿ ನಿಜಕ್ಕೂ ಹೀಗೆ ಗೆರೆ ಎಳೆದಂತೆ ಪಾಲಾಗುತ್ತದೆಯೋ, ಎರಡೂ ಕಡೆ ಸ್ವಲ್ಪ ಸ್ವಲ್ಪ ಹೋಗುತ್ತದೆಯೋ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಜಗಳ ಮುಗಿದಿಲ್ಲ. ಅರ್ಕಾವೊತ್ತು ಆ ಜಗಳಕ್ಕೆ ಒಳ್ಳೆಯ ಸಾಕ್ಷಿ ಆಗಬಲ್ಲದು. ಕನ್ನಡ ಓದುವವರ ಊರಿನ ನಡುವೆಯೇ ಕಣ್ಣಿನ ಚಲನೆ ಅಳೆಯುವ ಪ್ರಯೋಗಾಲಯಗಳಿವೆ, ಎಂಬಲ್ಲಿಗೆ ಇದನ್ನು ಬಿಡುತ್ತೇನೆ.

ಎಲ್ಲ ದಾಟುವಿಕೆಯೂ ಸ್ಪ್ಲೀನಿಯಂನಲ್ಲೇ ಆಗುತ್ತದೆಯೇ? ಆಗುವುದಿಲ್ಲ ಎಂದು ತೋರಿಸಿದ ಒಬ್ಬ ರೋಗಿಯನ್ನು ವಿಜ್ಞಾನ ಸಾಹಿತ್ಯದಲ್ಲಿ ಜೆ.ಡಬ್ಲ್ಯೂ. ಎಂಬ ಹೆಸರಿನ ಮೊದಲಕ್ಷರಗಳಿಂದ ಕರೆಯುತ್ತಾರೆ. ಮೂರ್ಛೆಗಾಗಿ ಅವರ ಕಾರ್ಪಸ್ ಕೆಲೋಸಮ್ಮನ್ನು ಎರಡು ಸಲ, ಕೆಲವು ವಾರಗಳ ಅಂತರದಲ್ಲಿ ಕತ್ತರಿಸಿದರು. ಮೊದಲು ಹಿಂಭಾಗ, ಆಮೇಲೆ ಮುಂಭಾಗ. ಮೈಕೆಲ್ ಗಜಾನಿಗ ಮತ್ತು ಸಂಗಡಿಗರು ಅದರ ವಿವರವನ್ನು 1981ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕೊಟ್ಟರು. ಮೊದಲ ಸರ್ಜರಿಯ ಮುಂಚೆ, ಎಡಬದಿಯಲ್ಲಿ ತೋರಿಸಿದ ಪದವನ್ನು ಅವರು ಓದಿ ಹೇಳುತ್ತಿದ್ದರು. ಹಿಂಭಾಗ ಕತ್ತರಿಸಿದ ಕೂಡಲೇ ಅದು ನಿಂತಿತು, ಸ್ಪ್ಲೀನಿಯಂ ಇಲ್ಲವಲ್ಲ. ಕೆಲವು ವಾರ ಕಳೆದ ಮೇಲೆ ಒಂದು ವಿಚಿತ್ರ ಶುರುವಾಯಿತು. ಎಡಬದಿಯಲ್ಲಿ ಕವಚ ತೊಟ್ಟ ಕುದುರೆ ಸವಾರನನ್ನು ಸೂಚಿಸುವ ಇಂಗ್ಲಿಷ್ ಪದ ಮಿಂಚಿಸಿದರು. ಏನೋ ಮನಸ್ಸಿನಲ್ಲಿದೆ, ಹೇಳಲಾಗುತ್ತಿಲ್ಲ ಎಂದರು. ಆಮೇಲೆ ಒಂದೊಂದಾಗಿ ಬಂತು: ಇಬ್ಬರು ಹೋರಾಡುತ್ತಿದ್ದಾರೆ, ಹಳೆಯ ಕಾಲದವರು, ತಲೆಗೆ ಶಿರಸ್ತ್ರಾಣವಿದೆ, ಕುದುರೆಯ ಮೇಲಿದ್ದಾರೆ, ಒಬ್ಬರನ್ನೊಬ್ಬರು ಕೆಡವಲು ನೋಡುತ್ತಿದ್ದಾರೆ. ಕೊನೆಗೆ ಪದ ಸಿಕ್ಕಿತು. ಎಡ ಅರ್ಧಗೋಳ ಆ ಪದದ ಅಕ್ಷರಗಳನ್ನು ಒಂದು ಸಲವೂ ಕಂಡಿರಲಿಲ್ಲ. ಬಲ ಅರ್ಧಗೋಳ ಪದದ ಅರ್ಥ ಹಿಡಿದು, ಆ ಅರ್ಥದ ಸುತ್ತಲಿನ ನೆನಪುಗಳನ್ನು ಇನ್ನೂ ಉಳಿದಿದ್ದ ಮುಂಭಾಗದ ತಂತುಗಳಲ್ಲಿ ಚೂರುಚೂರಾಗಿ ಕಳಿಸುತ್ತಿತ್ತು. ಎಡ ಅರ್ಧಗೋಳ ಒಗಟು ಬಿಡಿಸುವವರ ಹಾಗೆ ಅದನ್ನು ಜೋಡಿಸಿ ಉತ್ತರ ಕಟ್ಟುತ್ತಿತ್ತು. ಮುಂಭಾಗವನ್ನೂ ಕತ್ತರಿಸಿದ ಮೇಲೆ ಈ ಒಗಟೂ ನಿಂತುಹೋಯಿತು.

ಈ ಒಬ್ಬರ ಕಥೆ ನನಗೆ 1962ರಲ್ಲಿ ಪೂರ್ತಿ ಸೇತುವೆ ಕತ್ತರಿಸಿಕೊಂಡ ಪ್ರಸಿದ್ಧ ರೋಗಿ ಡಬ್ಲ್ಯೂ.ಜೆ.ಯ ಕಥೆಗಿಂತ ಹೆಚ್ಚು ಮುಖ್ಯ ಎನಿಸುತ್ತದೆ. ಎಡಬದಿಯಲ್ಲಿ ಬೆಳಕು ಮಿಂಚಿಸಿದರೆ ಡಬ್ಲ್ಯೂ.ಜೆ. ಬಾಯಲ್ಲಿ ‘ಏನೂ ಕಾಣಲಿಲ್ಲ’ ಎಂದು ಹೇಳುತ್ತಿದ್ದರೂ ಎಡಗೈ ಮಾತ್ರ ಗುಂಡಿ ಒತ್ತುತ್ತಿತ್ತು; ಅದು ‘ಒಂದೇ ತಲೆಯಲ್ಲಿ ಇಬ್ಬರು’ ಎಂದು ಜಗತ್ತನ್ನು ಬೆರಗುಗೊಳಿಸಿತು. ಅಷ್ಟು ಖಚಿತವಾಗಿ ಇಬ್ಬರು ಎನ್ನುವುದನ್ನು ಆಮ್‌ಸ್ಟರ್‌ಡ್ಯಾಂನ ಯಾಯೀರ್ ಪಿಂಟೊ ಮತ್ತು ಜೊತೆಗಾರರು 2017ರಲ್ಲಿ ಇಬ್ಬರು ರೋಗಿಗಳನ್ನು ಪರೀಕ್ಷಿಸಿ ಪ್ರಶ್ನಿಸಿದ್ದಾರೆ. ನೋಟ ಎರಡು ಹೋಳಾಗಿದ್ದರೂ, ವಸ್ತು ಯಾವ ಬದಿಯಲ್ಲಿ ಕಂಡರೂ ಅದು ಕಂಡಿತೆಂದು ಇವರು ಬಾಯಲ್ಲೂ ಎರಡೂ ಕೈಯಲ್ಲೂ ತಿಳಿಸಬಲ್ಲವರಾಗಿದ್ದರು.

ಹುಟ್ಟುವಾಗಲೇ ಕಾರ್ಪಸ್ ಕೆಲೋಸಮ್ ಇಲ್ಲದವರೂ ಇದ್ದಾರೆ, ಸುಮಾರು 4,000 ಜನರಲ್ಲಿ ಒಬ್ಬರು ಎಂಬುದು ಸಾಮಾನ್ಯ ಅಂದಾಜು. ‘ರೈನ್ ಮ್ಯಾನ್’ ಸಿನಿಮಾಕ್ಕೆ ಸ್ಫೂರ್ತಿಯಾದ ಕಿಮ್ ಪೀಕ್ ಹಾಗಿದ್ದವರು. ಅಂಥವರಲ್ಲಿ ಹೆಚ್ಚಿನವರಿಗೆ ಎಡಬದಿಯ ಪದ ಓದಲು ಕಷ್ಟವೇನಿಲ್ಲ. ಗರ್ಭದಲ್ಲೇ ದಾರಿ ಇಲ್ಲವೆಂದಾದರೆ ತಂತುಗಳು ಬೇರೆ ಚಿಕ್ಕ ಸೇತುವೆಗಳನ್ನು ಹಿಡಿಯುತ್ತವೆ. 2014ರಲ್ಲಿ ಬ್ರೆಜಿಲ್‌ನ ತಂಡವೊಂದು ಇಂಥವರ ಮಿದುಳಿನಲ್ಲಿ ನಮ್ಮಲ್ಲಿ ಕಾಣದ ಎರಡು ಅಡ್ಡ ಕಂತೆಗಳನ್ನೇ ಗುರುತಿಸಿತು; ಕೈಯ ಸ್ಪರ್ಶದ ಸುದ್ದಿ ಅವುಗಳ ಮೂಲಕ ಬದಿ ದಾಟುತ್ತಿತ್ತು. ಮಿದುಳು ಪೂರ್ತಿ ಬೆಳೆದ ಮೇಲೆ ಕತ್ತರಿಸಿದರೆ ಇಂಥ ಬಳಸುದಾರಿ ಹುಡುಕುವ ಅವಕಾಶ ಬಹಳ ಕಮ್ಮಿ.

ಮದ್ದಿಗೆ ಬಗ್ಗದ ಮೂರ್ಛೆಗೆ ಈ ಸರ್ಜರಿ ಇಂದಿಗೂ ಇದೆ, ಅದರಲ್ಲೂ ನಿಂತಲ್ಲೇ ದೊಪ್ಪನೆ ಬಿದ್ದು ತಲೆ ಒಡೆದುಕೊಳ್ಳುವ ಮಕ್ಕಳಿಗೆ. ಈಗ ಸಾಮಾನ್ಯವಾಗಿ ಮುಂದಿನ ಮೂರನೇ ಎರಡು ಭಾಗ ಕತ್ತರಿಸಿ ಕೈಬಿಡುತ್ತಾರೆ. ಬೀಳುವುದು ನಿಲ್ಲದಿದ್ದರೆ ಮಾತ್ರ ಉಳಿದದ್ದಕ್ಕೆ ಕೈ ಹಾಕುವುದು. ಹಿಂಬದಿಯ ಸ್ಪ್ಲೀನಿಯಂ ಮುಟ್ಟದೆ ಉಳಿದರೆ, ತಲೆಗೆ ಸುತ್ತಿದ ಬ್ಯಾಂಡೇಜು ಬಿಚ್ಚುವ ಮೊದಲೇ ಮಗು ಹಾಸಿಗೆಯ ಪಕ್ಕದ ಔಷಧಿ ಡಬ್ಬಿಯ ಮೇಲಿನ ಹೆಸರನ್ನು ಎಡ ತುದಿಯಿಂದ ಬಲ ತುದಿಯವರೆಗೆ ಓದಬಲ್ಲದು.